ಕಲಿತವರು ಹದಿನೆಂಟು ಲಕ್ಷ, ದಿನಾ ಆಡುವವರೆಷ್ಟು?

ಡಬ್ಲಿನ್ನಿನಿಂದ ರಜೆಗೆ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಐರ್ಲೆಂಡಿನಲ್ಲಿ ಐರಿಷ್ ಭಾಷೆಗೆ ಸರ್ಕಾರ ಅಷ್ಟೊಂದು ಮಾಡಿದೆಯಂತಲ್ಲ, ಮತ್ತೆ ಜನ ಯಾಕೆ ಇಂಗ್ಲಿಷೇ ಮಾತಾಡ್ತಾರೆ?"

ಸರ್ಕಾರ ಮಾಡಿದ್ದು ಕಡಿಮೆಯೇನಲ್ಲ. ಆದರೆ ಭಾಷೆ ಕಲಿಸುವುದಕ್ಕೆ ಧಾರಾಳವಾಗಿದ್ದ ಕೈ, ಅದನ್ನು ಹುಟ್ಟಿನಿಂದ ಆಡುವವರು ತಮ್ಮೂರಲ್ಲೇ ಬದುಕುವಂತೆ ಮಾಡುವ ವಿಷಯ ಬಂದಾಗ ಬಿಗಿಯಾಯಿತು. ನನ್ನ ಉತ್ತರ ಇದೇ.

2022ರ ಜನಗಣತಿಯಲ್ಲಿ "ಐರಿಷ್ ಬರುತ್ತದೆ" ಎಂದವರು 18,73,997 ಮಂದಿ, ಅಂದರೆ ನೂರಕ್ಕೆ ನಲವತ್ತು. ಶಾಲೆಯ ಹೊರಗೆ ದಿನಾ ಮಾತಾಡುವವರು 71,968. ಮೊದಲ ಸಂಖ್ಯೆ ಶಾಲೆಯ ಫಸಲು. ಸ್ವತಂತ್ರ ರಾಜ್ಯವಾದ 1922ರಿಂದಲೂ ಮಕ್ಕಳಿಗೆ ಐರಿಷ್ ಕಡ್ಡಾಯ. 1973ರ ತನಕ ಐರಿಷಿನಲ್ಲಿ ಫೇಲಾದರೆ ಶಾಲೆಯ ಕೊನೆಯ ಪರೀಕ್ಷೆಯಲ್ಲೇ ಫೇಲು. ಸರ್ಕಾರಿ ನೌಕರಿಗೂ ಐರಿಷ್ ಬೇಕಿತ್ತು. 1937ರ ಸಂವಿಧಾನ ಐರಿಷನ್ನು ಮೊದಲ ಅಧಿಕೃತ ಭಾಷೆ, ಇಂಗ್ಲಿಷನ್ನು ಎರಡನೆಯದು ಎಂದಿತು. ಹೀಗೆ ತಯಾರಾದವರು ಐರಿಷ್ ಓದುತ್ತಾರೆ, ಮದುವೆ ಮನೆಯಲ್ಲಿ ಎರಡು ವಾಕ್ಯ ಹೇಳುತ್ತಾರೆ. ಸಾಲದ ಬಗ್ಗೆ ಬ್ಯಾಂಕಿನಲ್ಲಿ ಜಗಳ ಆಡುವಾಗ ಇಂಗ್ಲಿಷೇ ಬರುತ್ತದೆ.

ಇನ್ನು ಭಾಷೆ ಮನೆಮಾತಾಗಿಯೇ ಉಳಿದ ಊರುಗಳಿವೆ, ಅವಕ್ಕೆ ಗೇಲ್ತಾಖ್ತ್ ಎನ್ನುತ್ತಾರೆ. ಹೆಚ್ಚಿನವು ಪಶ್ಚಿಮದ ಕಡಲಂಚಿನಲ್ಲಿ, ಡೊನೆಗಾಲ್, ಗಾಲ್ವೇ, ಕೆರ್ರಿ ಕಡೆ. ಕಲ್ಲು ನೆಲ, ಗಾಳಿ, ಕೆಲಸವಿಲ್ಲ. 1845ರಲ್ಲಿ ಶುರುವಾದ ಆಲೂಗಡ್ಡೆ ಬರ ಅತಿ ಹೆಚ್ಚು ಬಡಿದದ್ದು ಇಂಥ ಊರುಗಳನ್ನೇ. ದೇಶದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಮ್ಮಿ ಅಷ್ಟೇ ಜನ ಹಡಗು ಹತ್ತಿದರು. ಮಗ ಬಾಸ್ಟನ್ನಿಗೋ ಲಿವರ್‌ಪೂಲಿಗೋ ಹೋಗುವವನೇ ಎಂದು ಗೊತ್ತಿದ್ದ ತಾಯಿ ಅವನಿಗೆ ಇಂಗ್ಲಿಷ್ ಬರಲಿ ಎಂದಳು. ಅವಳನ್ನು ಬೈಯಲು ನನಗಂತೂ ಮನಸ್ಸಿಲ್ಲ.

ಈ ಗಂಟನ್ನು ಸರ್ಕಾರ ನೇರವಾಗಿ ಬಿಚ್ಚಲು ಹೊರಟದ್ದು ಅಪರೂಪ. 1935ರಲ್ಲಿ ಹಾಗೊಂದು ಪ್ರಯತ್ನ ಆಯಿತು. ಗಾಲ್ವೇ ಸೀಮೆಯ ಕಾನೆಮಾರಾದಿಂದ 27 ಕುಟುಂಬಗಳನ್ನು ಪೂರ್ವದ ಮೀತ್ ಜಿಲ್ಲೆಗೆ ಕರೆತಂದು, ರಾ ಕಾರ್ನ್ ಎಂಬಲ್ಲಿ ತಲಾ ಸುಮಾರು 22 ಎಕರೆ ಹೊಲ, ಹೊಸ ಮನೆ, ಒಂದು ಹಂದಿ ಮತ್ತದರ ಮರಿಗಳು, ಒಂದಷ್ಟು ಬೇಸಾಯದ ಸಾಮಾನು ಕೊಟ್ಟರು. ಡಬ್ಲಿನ್ನಿನಿಂದ ಕಾರಿನಲ್ಲಿ ಗಂಟೆ ದಾರಿಯ, ಇಂಗ್ಲಿಷೇ ತುಂಬಿದ ಬಯಲಿನ ನಡುವೆ ಆ ಊರಿನಲ್ಲಿ ಇಂದಿಗೂ ಐರಿಷ್ ಕೇಳಿಸುತ್ತದೆ. ಆದರೆ ಅದಕ್ಕೆ ಗೇಲ್ತಾಖ್ತ್ ಎಂಬ ಮಾನ್ಯತೆ ಕೊಡಲು ಅದೇ ಸರ್ಕಾರ 1967ರವರೆಗೆ ಕಾಯಿಸಿತು! ಫೈಲಿನ ವೇಗ ಎಲ್ಲ ದೇಶದಲ್ಲೂ ಒಂದೇ ಇರಬೇಕು.

ಮುಂದಿನ ಒಳ್ಳೆಯ ಕೆಲಸಗಳಲ್ಲಿ ಹಲವು ಜನ ಜಗಳ ಮಾಡಿ ಪಡೆದವು. 1970ರಲ್ಲಿ ಕಾನೆಮಾರಾದ ಹುಡುಗರು ಪರವಾನಗಿ ಇಲ್ಲದೆಯೇ ಐರಿಷ್ ರೇಡಿಯೋ ಶುರುಮಾಡಿದರು. 1972ಕ್ಕೆ ಸರ್ಕಾರದ್ದೇ ಐರಿಷ್ ರೇಡಿಯೋ ಬಂತು. ಐರಿಷ್ ಟಿವಿ ಬರಲು 1996 ಆಯಿತು. ಕೈಗಾರಿಕೆ ತರಲು ಗೇಲ್ತಾಖ್ತಿಗೇ ಪ್ರತ್ಯೇಕ ಪ್ರಾಧಿಕಾರ 1980ರಲ್ಲಿ ಬಂದಿತು.

ಊರಿನವರನ್ನು ಕೇಳದೆ ಮಾಡಿದ್ದಕ್ಕೂ ಉದಾಹರಣೆ ಇದೆ. ಕೆರ್ರಿಯ ಡಿಂಗಲ್ ಪ್ರವಾಸಿಗರಿಂದಲೇ ಬದುಕುವ ಊರು. 2005ರಲ್ಲಿ ಗೇಲ್ತಾಖ್ತಿನ ಫಲಕಗಳಿಂದ ಇಂಗ್ಲಿಷ್ ಹೆಸರುಗಳು ಹೋದವು, ಪ್ರವಾಸಿಗರು ಬಲ್ಲ ಡಿಂಗಲ್ ಎಂಬ ಹೆಸರು ಫಲಕದಲ್ಲಿ ಇಲ್ಲವಾಯಿತು. ಸಿಟ್ಟಾದ ಊರು ಮರುವರ್ಷ ಮತ ಹಾಕಿತು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಎರಡೂ ಭಾಷೆಯ ಹೆಸರು ಬೇಕೆಂದರು. ಐರಿಷಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ, ಹೊಟ್ಟೆಪಾಡಿನ ಚಿಂತೆ ಇತ್ತು.

2010ರಲ್ಲಿ ಇಪ್ಪತ್ತು ವರ್ಷದ ಯೋಜನೆ ಬಂತು. ದಿನಾ ಮಾತಾಡುವವರನ್ನು 83,000ದಿಂದ ಎರಡೂವರೆ ಲಕ್ಷಕ್ಕೆ ಏರಿಸುವುದು ಗುರಿ. 2011ರ ಗಣತಿಯಲ್ಲಿ 77,185, 2016ರಲ್ಲಿ 73,803, ಆಮೇಲೆ ಮೇಲೆ ಹೇಳಿದ 71,968. ಗೇಲ್ತಾಖ್ತಿನ ಒಳಗೇ ದಿನಾ ಮಾತಾಡುವವರು ಸುಮಾರು ಇಪ್ಪತ್ತು ಸಾವಿರ. 2012ರ ಕಾನೂನಿನ ಪ್ರಕಾರ ಪ್ರತಿ ಪ್ರದೇಶವೂ ತನ್ನ ಭಾಷಾ ಯೋಜನೆ ತಾನೇ ಬರೆಯಬೇಕು. ಇದು ಸರಿಯಾದ ದಾರಿ. ಆದರೆ ಅದನ್ನು ನಡೆಸುವುದು ಒಬ್ಬ ಅಧಿಕಾರಿ, ಒಂದಷ್ಟು ಅನುದಾನ, ಕ್ರೀಡಾಕೂಟ, ಮಕ್ಕಳ ಶಿಬಿರ. ಅಷ್ಟರಲ್ಲಿ ಕಡಲು ಕಾಣುವ ಮನೆಗಳು ರಜಾ ಮನೆಗಳಾಗುತ್ತವೆ, ಐರಿಷ್ ಆಡುವ ಹೊಸ ಜೋಡಿಗೆ ಬಾಡಿಗೆಗೂ ಮನೆ ಸಿಗುವುದಿಲ್ಲ. ತಮ್ಮ ಜಮೀನಿನಲ್ಲೇ ಕಟ್ಟಿಕೊಳ್ಳಲು ಪರವಾನಗಿ ಕೇಳಿದರೂ ವರ್ಷಗಟ್ಟಲೆ ಅಲೆದಾಟ. ಅವರು ಗಾಲ್ವೇ ಪೇಟೆಗೆ ಇಳಿದರೆ ಶಿಬಿರಕ್ಕೆ ಬರುವ ಮಕ್ಕಳು ಯಾರು?

ಹಾಗಾದರೆ ಶಾಲೆಗೆ ಹಾಕಿದ್ದೆಲ್ಲ ದಂಡವೇ ಎಂದು ಮರುಪ್ರಶ್ನೆ ಬರುತ್ತದೆ. ಅಲ್ಲ. ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಕೆಲವು ಕುಟುಂಬಗಳು ಅಕ್ಕಪಕ್ಕ ಮನೆ ಕಟ್ಟಿಕೊಂಡು, 1971ರಲ್ಲಿ ಸರ್ಕಾರದ ಕಾಸಿಲ್ಲದೆ ಐರಿಷ್ ಮಾಧ್ಯಮದ ಶಾಲೆ ತೆರೆದರು. ಅವರು ಮನೆಮಾತಾಗಿ ಪಡೆದವರಲ್ಲ, ಕಲಿತವರು. ಕಲಿತ ಭಾಷೆಯನ್ನು ಮನೆಗೆ ತಂದರು, ಮನೆಯ ಪಕ್ಕ ಮನೆ ಇದ್ದದ್ದರಿಂದ ಅದು ಬೀದಿಗೂ ಬಂತು.

ಈಗಿನ ದೊಡ್ಡ ಭರವಸೆ 2021ರ ತಿದ್ದುಪಡಿ ಕಾನೂನು: 2030ರ ಹೊತ್ತಿಗೆ ಸರ್ಕಾರಿ ಸೇವೆಗೆ ಹೊಸದಾಗಿ ಸೇರುವವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ ಐರಿಷ್ ಬರಬೇಕು. ಒಳ್ಳೆಯದೇ. ನನಗಿರುವ ಅನುಮಾನ ಒಂದೇ. ಆ ಹುದ್ದೆಗಳು ಡಬ್ಲಿನ್ನಿನಲ್ಲೇ ಬಿದ್ದರೆ ಕಾನೆಮಾರಾದ ಜಾಣ ಹುಡುಗಿ ಸಂಬಳಕ್ಕಾಗಿ ಇತ್ತ ಬರುತ್ತಾಳೆ, ಇಲ್ಲೇ ಮನೆ ಮಾಡುತ್ತಾಳೆ. ಅವಳ ಮಗು ಐರಿಷನ್ನು ಶಾಲೆಯಲ್ಲಿ ಕಲಿಯುತ್ತದೆ.