ಆ ಮಕ್ಕಳಿಗೆ ಇಂಗ್ಲಿಷ್ ಬಂದರೆ ಸಾಕಲ್ವಾ?

ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದ ಮೇಲೆ ಇಲ್ಲಿನ ಮೂಲನಿವಾಸಿಗಳ ಭಾಷೆಗಳ ಹುಚ್ಚು ಹತ್ತಿದೆ ನನಗೆ. ಊರಿಂದ ಫೋನ್ ಮಾಡುವ ನೆಂಟರು, ಇಲ್ಲಿನ ಕನ್ನಡ ಗೆಳೆಯರು ಎಲ್ಲರೂ ಕೇಳುವುದು ಒಂದೇ: "ನಾಲ್ಕು ಜನ ಆಡುವ ಭಾಷೆ ಉಳಿಸಿ ಏನು ಬಂತು? ಆ ಮಕ್ಕಳು ಚೆನ್ನಾಗಿ ಇಂಗ್ಲಿಷ್ ಕಲಿತರೆ ಸಾಕಲ್ವಾ?"

ಇಂಗ್ಲಿಷ್ ಬರಬೇಕಾದರೆ ಇನ್ನೊಂದು ಭಾಷೆ ಜಾಗ ಖಾಲಿ ಮಾಡಬೇಕು ಅನ್ನುವ ಹಾಗಿದೆ ಈ ಮಾತು. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಆಡುವ ನಮ್ಮವರೇ ಇದನ್ನು ಕೇಳುವುದು ತಮಾಷೆ.

1788ರಲ್ಲಿ ಬ್ರಿಟಿಷರು ಬಂದು ನೆಲೆಯೂರಿದಾಗ ಆಸ್ಟ್ರೇಲಿಯಾದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಅಪ್ಪನದೊಂದು, ಅಮ್ಮನದೊಂದು, ನೆರೆಯವರದು ಇನ್ನೊಂದು ಅಂತ ಹಲವು ಭಾಷೆ ತಿಳಿದಿರುವುದು ಇಲ್ಲಿ ಮಾಮೂಲಿ ಸಂಗತಿಯಾಗಿತ್ತು. ಉತ್ತರದ ಕಡಲಲ್ಲಿ ದಕ್ಷಿಣ ಗೋಲ್ಬರ್ನ್ ಅಂತ ಒಂದು ದ್ವೀಪವಿದೆ. ಅಲ್ಲಿನ ವಾರುವಿ ಊರಲ್ಲಿ ಇದು ಇವತ್ತಿಗೂ ನಡೆದಿದೆ. ಇರುವುದೇ ಕೆಲವು ನೂರು ಜನ, ಆದರೆ ಭಾಷೆಗಳು ಹಲವು. ಹೆಂಡತಿ ಮೌಂಗ್ ಭಾಷೆಯಲ್ಲಿ ಏನೋ ಕೇಳುತ್ತಾಳೆ, ಗಂಡ ಯೋಲ್ಙು ಭಾಷೆಯಲ್ಲಿ ಉತ್ತರ ಕೊಡುತ್ತಾನೆ. ಇಡೀ ಸಂಸಾರ ಹೀಗೇ ಸಾಗುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದೆ ಅಲ್ಲ. ಭಾಷೆ ಆಯಾ ನೆಲಕ್ಕೆ, ಆಯಾ ಮನೆತನಕ್ಕೆ ಸೇರಿದ್ದು. ತಿಳಿದಿದ್ದರೂ ಇನ್ನೊಬ್ಬರದನ್ನು ಸುಮ್ನೆ ಬಾಯಿಗೆ ಹಾಕಿಕೊಳ್ಳುವುದಿಲ್ಲ.

ಇಂಥವರಿಗೆ ಇಂಗ್ಲಿಷ್ ಇನ್ನೊಂದು ಭಾಷೆ, ಅಷ್ಟೇ. ತೊಂದರೆ ಶುರುವಾಗಿದ್ದು ಅದೊಂದೇ ಇರಬೇಕು ಎಂದಾಗ.

ನಾನಿರುವ ಅಡಿಲೇಡ್ ಗೌರ್ಣ ಎಂಬ ಮೂಲನಿವಾಸಿ ಜನರ ನೆಲ, ಅವರ ಭಾಷೆಯ ಹೆಸರೂ ಗೌರ್ಣ. ಇಲ್ಲಿ ಟೈಖೆಲ್ಮನ್, ಷೂರ್ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು 1839ರಲ್ಲಿ ಹೊಳೆ ದಡದಲ್ಲಿ ಶಾಲೆ ತೆರೆದರು. ಪಾಠ ಗೌರ್ಣದಲ್ಲೇ. ಆ ಮಕ್ಕಳು ತಮ್ಮ ಭಾಷೆಯಲ್ಲಿ ಬರೆದ ಕಾಗದಗಳು ಈಗಲೂ ಉಳಿದಿವೆ. 1845ರಲ್ಲಿ ಸರ್ಕಾರ ಶಾಲೆ ಮುಚ್ಚಿಸಿ, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿತು. ಮುಂದೆ ದೇಶದ ಎಷ್ಟೋ ಮಿಷನ್ನುಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಕೊಟ್ಟರು. ಮಕ್ಕಳನ್ನು ಅಪ್ಪ ಅಮ್ಮನಿಂದಲೇ ಕಿತ್ತುಕೊಂಡರು. ಇದಕ್ಕೆ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ.

ಅದೇ ವರ್ಷ ಇಲ್ಲಿನ ಉತ್ತರ ಪ್ರಾಂತ್ಯದ (ನಾರ್ದರ್ನ್ ಟೆರಿಟರಿ) ಸರ್ಕಾರ, ಶಾಲೆಗಳಲ್ಲಿ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷಿನಲ್ಲೇ ಪಾಠ ಆಗಬೇಕು ಎಂದು ಹೇಳಿತು ನೋಡಿ! 1970ರ ದಶಕದಿಂದ ನಡೆದು ಬಂದಿದ್ದ, ಮನೆಮಾತು ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುವ ಶಾಲೆಗಳಿಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಮನೆಯಲ್ಲಿ ಇಂಗ್ಲಿಷೇ ಕೇಳದ ಆರು ವರ್ಷದ ಮಗುವಿಗೆ ಕೂಡುವ ಲೆಕ್ಕವನ್ನೂ ಇಂಗ್ಲಿಷಿನಲ್ಲೇ ಹೇಳಿದರೆ ಲೆಕ್ಕ, ಇಂಗ್ಲಿಷ್ ಎರಡೂ ತಲೆಗೆ ಹತ್ತುವುದಿಲ್ಲ. ಒಳ್ಳೆ ಇಂಗ್ಲಿಷ್ ಬೇಕು ಅನ್ನುವವರು ಮೊದಲು ಯೋಚಿಸಬೇಕಾದ್ದು ಇದನ್ನು.

ಇನ್ನು "ಏನು ಬಂತು" ಅನ್ನುವ ಪ್ರಶ್ನೆ. ಗೌರ್ಣವನ್ನು ಬಾಯಿತುಂಬ ಆಡುತ್ತಿದ್ದವರಲ್ಲಿ ಕೊನೆಯವರು ಎನ್ನಲಾದ ಇವಾರಿಜಿ ತೀರಿಕೊಂಡದ್ದು 1929ರಲ್ಲಿ. ಅರವತ್ತು ವರ್ಷದ ಆಚೆಗೆ ಅದೇ ಜನರ ಮೊಮ್ಮಕ್ಕಳು, ಮರಿಮಕ್ಕಳು ಭಾಷೆ ವಾಪಸ್ ಬೇಕು ಎಂದು ಕೂತರು. ಆ ಇಬ್ಬರು ಪಾದ್ರಿಗಳು 1840ರಲ್ಲಿ ಅಚ್ಚು ಹಾಕಿಸಿದ್ದ ವ್ಯಾಕರಣ ಮತ್ತು ಪದಪಟ್ಟಿಯೇ ಅವರಿಗೆ ದೊಡ್ಡ ಆಸರೆ. ಈಗ ತರಗತಿಗಳಿವೆ, ಹಾಡುಗಳಿವೆ. ನಗರದ ನಡುವಿನ ವಿಕ್ಟೋರಿಯಾ ಸ್ಕ್ವೇರಿಗೆ ತಾರ್ನ್‌ತಾನ್ಯಂಗ ಎಂಬ ಗೌರ್ಣ ಹೆಸರೂ ಅಧಿಕೃತವಾಗಿದೆ.

"ಅದು ಹಳೇ ಗೌರ್ಣ ಅಲ್ಲ, ಕಟ್ಟಿಕೊಂಡಿದ್ದು" ಎಂದು ಮೂಗು ಮುರಿಯುವವರೂ ಇದ್ದಾರೆ. ಇರಬಹುದು. ನಾವು ಆಡುವ ಕನ್ನಡವೂ 1840ರದ್ದಲ್ಲವಲ್ಲ.