ಆಪರೇಷನ್ ಆಯಿತು, ಪ್ರೆಷರ್ ಇಳಿಯಿತು, ಆದರೂ ಕಣ್ಣು ಏಕೆ ಮಂಜು?

ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ) ವಿಭಾಗದಲ್ಲಿ ಕಣ್ಣಿನ ಒತ್ತಡ, ಅಂದರೆ ಪ್ರೆಷರ್, ಅಳೆಯುವುದು, ಅಕ್ಷರದ ಫಲಕ ಓದಿಸುವುದು ನನ್ನ ನಿತ್ಯದ ಕೆಲಸ. ಆಪರೇಷನ್ ಆಗಿ ಎರಡು ಮೂರು ವಾರ ಕಳೆದವರು, ಅವರಿಗಿಂತ ಹೆಚ್ಚಾಗಿ ಅವರ ಮನೆಯವರು, ಕೇಳುವ ಪ್ರಶ್ನೆ ಒಂದೇ: "ಪ್ರೆಷರ್ ಚೆನ್ನಾಗಿ ಇಳಿದಿದೆ ಎನ್ನುತ್ತೀರಿ. ಮೊದಲು ಕಾಣುತ್ತಿದ್ದಷ್ಟೂ ಈಗ ಕಾಣುತ್ತಿಲ್ಲವಲ್ಲ, ಏಕೆ?" ಕೆಲವರ ದನಿಯಲ್ಲಿ ಆತಂಕ, ಕೆಲವರದರಲ್ಲಿ ನೇರ ಆರೋಪ. ಹೊರಗೆ ಸರದಿ ಬೆಳೆಯುತ್ತಿರುವಾಗ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕಹಿ ಮಾತು ಮೊದಲೇ ಇರಲಿ. ಈ ಆಪರೇಷನ್ ಮಾಡುವುದು ದೃಷ್ಟಿ ಹೆಚ್ಚಿಸುವುದಕ್ಕಲ್ಲ, ಉಳಿದಿರುವುದನ್ನು ಉಳಿಸಿಕೊಳ್ಳುವುದಕ್ಕೆ. ಗ್ಲಾಕೋಮಾದಿಂದ ಹಾಳಾದ ಕಣ್ಣಿನ ನರ ಮತ್ತೆ ಚಿಗುರುವುದಿಲ್ಲ. ವೈದ್ಯರು ಇದನ್ನು ಮೊದಲೇ ಹೇಳಿರುತ್ತಾರೆ, ಸಹಿ ಹಾಕಿಸಿಕೊಂಡ ಹಾಳೆಯಲ್ಲೂ ಬರೆದಿರುತ್ತದೆ. ಆದರೂ ಅದು ಮನಸ್ಸಿಗೆ ಇಳಿಯುವುದಿಲ್ಲ, ಅದಕ್ಕಾಗಿ ಜನರನ್ನು ದೂರುವಂತೆಯೂ ಇಲ್ಲ. ನಮ್ಮಲ್ಲಿ ಕಣ್ಣಿನ ಆಪರೇಷನ್ ಎಂದರೆ ಪೊರೆಯ ಆಪರೇಷನ್. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿ ಒಂದೇ ದಿನದಲ್ಲಿ ನೂರಾರು ಜನರ ಪೊರೆ ತೆಗೆಯುತ್ತಿದ್ದ ಕಾಲದಿಂದಲೂ, ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಗನ ಮುಖ ಕಂಡಿತು ಎಂಬ ಕತೆ ಮನೆಮನೆಯಲ್ಲೂ ಇದೆ. ಆ ಅಳತೆಗೋಲು ಇಲ್ಲಿ ಹೊಂದುವುದಿಲ್ಲ.

ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿ ದ್ರವ ಸದಾ ಊರುತ್ತಿರುತ್ತದೆ, ನಿಮಿಷಕ್ಕೆ ಸುಮಾರು 2 ಮೈಕ್ರೋಲೀಟರಿನಷ್ಟು. ಅದು ಹರಿದುಹೋಗುವ ಸಹಜ ದಾರಿ ಕಟ್ಟಿಕೊಂಡಾಗ ಒತ್ತಡ ಏರುತ್ತದೆ. (ರಕ್ತದೊತ್ತಡವೇ ಬೇರೆ, ಇದೇ ಬೇರೆ.) ಹೆಚ್ಚಾಗಿ ಮಾಡುವ ಆಪರೇಷನ್ ಟ್ರಾಬೆಕ್ಯುಲೆಕ್ಟಮಿ. ಕೇಂಬ್ರಿಡ್ಜಿನ ವೈದ್ಯ ಜಾನ್ ಕೇರ್ನ್ಸ್ 1968ರಲ್ಲಿ ವಿವರಿಸಿದ ವಿಧಾನದ ಮೂಲ ಚೌಕಟ್ಟು ಇಂದಿಗೂ ಉಳಿದಿದೆ. ಕಣ್ಣಿನ ಬಿಳಿಭಾಗದಲ್ಲಿ ಅರ್ಧ ದಪ್ಪದ ಪುಟ್ಟ ಮುಚ್ಚಳವನ್ನು ಎತ್ತಿ, ಅದರಡಿ ಕಿಂಡಿ ಮಾಡಿ, ಮುಚ್ಚಳವನ್ನು ಮರಳಿ ಕೂರಿಸಿ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ದ್ರವ ಮುಚ್ಚಳದ ಅಂಚಿನಿಂದ ಜಿನುಗಿ ಕಣ್ಣಿನ ಮೇಲ್ಪದರದಡಿ ಸೇರುತ್ತದೆ. ಮೇಲಿನ ರೆಪ್ಪೆ ಎತ್ತಿ ನೋಡಿದರೆ ಅಲ್ಲಿ ಮಸುಕಾದ ಚಿಕ್ಕ ಉಬ್ಬು ಕಾಣುತ್ತದೆ, ಅದೇ ಬ್ಲೆಬ್. ಕನ್ನಡಿಯಲ್ಲಿ ಅದನ್ನು ಕಂಡು ಕಣ್ಣಲ್ಲಿ ಗುಳ್ಳೆ ಎದ್ದಿದೆ ಎಂದು ಓಡಿಬರುವವರಿದ್ದಾರೆ. ಅದು ಇರಬೇಕಾದದ್ದೇ.

ಇದು ಕೆರೆಗೆ ಹೊಸ ತೂಬು ಇಟ್ಟ ಹಾಗೆ. ಬಿಗಿಯಾದರೆ ನೀರು ಕಟ್ಟಿಕೊಳ್ಳುತ್ತದೆ, ಸಡಿಲವಾದರೆ ಕೆರೆಯೇ ಬರಿದಾಗುತ್ತದೆ. ಮೊದಲ ಕೆಲವು ವಾರಗಳು ಹದ ನೋಡುವುದರಲ್ಲೇ ಕಳೆಯುತ್ತವೆ. ಮಂಜಿನ ಮುಖ್ಯ ಕಾರಣವೂ ಅಲ್ಲೇ ಇದೆ. ಒತ್ತಡ ತೀರಾ ತಗ್ಗಿದಾಗ ಕಣ್ಣುಗುಡ್ಡೆಯ ಆಕಾರವೇ ತುಸು ಬದಲಾಗುತ್ತದೆ. ಹೊಲಿಗೆಗಳು ಕಾರ್ನಿಯಾವನ್ನು (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಂದು ಕಡೆಗೆ ಎಳೆದು ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಬಾಗು ಎಲ್ಲ ಕಡೆ ಸಮನಾಗಿಲ್ಲದ್ದರಿಂದ ಬರುವ ದೋಷ, ಹುಟ್ಟಿಸುತ್ತವೆ. ಅಟ್ರೋಪಿನ್ ಹನಿ ಕೊಟ್ಟಿದ್ದರೆ ಪಾಪೆ ಹಿಗ್ಗಿ ಹತ್ತಿರದ ಅಕ್ಷರಗಳು ಕರಗಿಹೋಗುತ್ತವೆ. ಉಬ್ಬಿನಿಂದಾಗಿ ಕಣ್ಣೀರಿನ ಪದರ ಸಮನಾಗಿ ಹರಡದೆ ಕಿರಿಕಿರಿ ಬೇರೆ.

ಇವುಗಳಲ್ಲಿ ಹೆದರಬೇಕಾದದ್ದು ಯಾವುದು, ಹೆದರಬೇಕಿಲ್ಲದ್ದು ಯಾವುದು ಎಂಬುದರ ಮೊದಲ ಸುಳಿವು ನನಗೆ ಸಿಗುವುದು ಒಂದು ಅಗ್ಗದ ಸಾಧನದಿಂದ. ಸೂಜಿಗಾತ್ರದ ತೂತುಗಳಿರುವ ಕಪ್ಪು ಪ್ಲಾಸ್ಟಿಕ್ ಬಿಲ್ಲೆ, ಪಿನ್‌ಹೋಲ್. ಬರಿಗಣ್ಣಿನಲ್ಲಿ ಮೂರನೆಯ ಸಾಲಿಗೆ ತಡವರಿಸಿ ನಿಂತವರು ಬಿಲ್ಲೆಯ ಮೂಲಕ ಇಣುಕಿ, ಸ್ವಲ್ಪ ತಲೆ ಓಲಿಸಿ, ತೂತು ಸರಿಯಾಗಿ ಸಿಕ್ಕಿದ ಕ್ಷಣ ಐದನೆಯ ಸಾಲನ್ನು ಒಂದೇ ಉಸಿರಿಗೆ ಓದಿಬಿಡುತ್ತಾರೆ. ಆಗ ಮಂಜಿನ ಬಹುಪಾಲು ಪವರ್ ಬದಲಾವಣೆಯದು, ನರದ್ದಲ್ಲ ಎಂದು ತಿಳಿಯುತ್ತದೆ. ಪಿನ್‌ಹೋಲಿನಲ್ಲೂ ಸುಧಾರಿಸದಿದ್ದರೆ ವೈದ್ಯರು ಒಳಗೆ ಇಣುಕಿ ಹುಡುಕಬೇಕು.

ಪವರ್ ಬದಲಾಗಿದೆ ಎಂದ ಕೂಡಲೇ ಕನ್ನಡಕದ ಅಂಗಡಿಗೆ ಹೋಗಬೇಡಿ. ಹೊಲಿಗೆ ಸಡಿಲಾಗುತ್ತ, ಗಾಯ ಮಾಗುತ್ತ ಅಂಕಿ ವಾರವಾರಕ್ಕೂ ಜಾರುತ್ತಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ ಅದು ನೆಲೆಗೊಳ್ಳುತ್ತದೆ. ಮಗಳ ಮದುವೆ ಇದೆ, ಈಗಲೇ ಬರೆದುಕೊಡಿ ಎಂದು ಒತ್ತಾಯಿಸಿದರೆ ಕೊಟ್ಟೇನು, ಆದರೆ ಆ ಗಾಜು ಮದುವೆಯ ಫೋಟೋಗಳಿಗಷ್ಟೇ ಉಪಯೋಗ.

ಇನ್ನು ಅಂಕಿಗಳ ವಿಚಾರ. ಕಣ್ಣಿಗೆ ಮರಗಟ್ಟಿಸುವ ಹನಿ, ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನಾನು ನೋಡುವಾಗ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ಅವುಗಳ ಒಳ ಅಂಚುಗಳು ಒಂದನ್ನೊಂದು ಮುಟ್ಟುವವರೆಗೆ ಗುಂಡಿ ತಿರುಗಿಸಿ ಅಂಕಿ ಓದಿಕೊಳ್ಳುತ್ತೇನೆ. ಉಸಿರು ಬಿಗಿಹಿಡಿದರೆ, ರೆಪ್ಪೆ ಹಿಂಡಿದರೆ, ಅಂಗಿಯ ಕಾಲರ್ ಕತ್ತನ್ನು ಬಿಗಿದರೆ ಅಂಕಿ ಸುಳ್ಳು ಹೇಳುತ್ತದೆ. ಕಾರ್ನಿಯಾ ತೆಳುವಾಗಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇಷ್ಟೆಲ್ಲ ಇರುವಾಗ, ಕಳೆದ ಸಲ 11 ಇತ್ತು, ಈ ಸಲ 13 ಆಗಿದೆ ಎಂದು ಡೈರಿ ಹಿಡಿದು ಕಂಗಾಲಾಗುವುದು ಬೇಡ.

ಸಾಮಾನ್ಯ ಕಣ್ಣಿನಲ್ಲಿ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಆಪರೇಷನ್ ಆದ ಕಣ್ಣಿನಲ್ಲಿ ಮೊದಲ ವಾರ 5 ಇದ್ದು, ಮೂರನೆಯ ವಾರ 22ಕ್ಕೆ ಏರಿದರೆ ಆಪರೇಷನ್ ವಿಫಲವಾಯಿತು ಎಂದೇನೂ ಅರ್ಥವಲ್ಲ. ಹೊಲಿಗೆಯನ್ನು ಲೇಸರಿನಿಂದ ಕತ್ತರಿಸಿ ಅಥವಾ ಎಳೆದು ತೆಗೆದು ಹರಿವು ಹೆಚ್ಚಿಸುವುದಕ್ಕೆಂದೇ ಆ ವಾರಗಳ ಭೇಟಿ. ಉರಿಯೂತಕ್ಕೆ ಕೊಡುವ ಸ್ಟೀರಾಯ್ಡ್ ಹನಿಯೇ ಕೆಲವರಲ್ಲಿ ಒತ್ತಡ ಏರಿಸುವುದೂ ಉಂಟು. ಹಾಗೆಂದು ಅದನ್ನು ಮನೆಯಲ್ಲೇ ನಿಲ್ಲಿಸಿದರೆ ಗಾಯದ ಕಲೆ ಬೆಳೆದು ಕಿಂಡಿ ಮುಚ್ಚಿಹೋಗುತ್ತದೆ.

ಕಡಿಮೆಯಾದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. 5ಕ್ಕಿಂತ ಕೆಳಗೆ ವಾರಗಟ್ಟಲೆ ನಿಂತರೆ ಕಣ್ಣಿನ ಹಿಂಬದಿಯ ಪದರವಾದ ರೆಟಿನಾದ ನಡುಭಾಗದಲ್ಲಿ ಸುಕ್ಕು ಮೂಡಬಹುದು, ಬಾಗಿಲ ಚೌಕಟ್ಟು ಡೊಂಕಾಗಿ ಕಾಣಿಸಬಹುದು. ಹಾಗಾದರೆ ಎಷ್ಟಿರಬೇಕು? ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಏಜಿಸ್ ಎಂಬ ದೊಡ್ಡ ಅಧ್ಯಯನದಲ್ಲಿ, ಪ್ರತಿ ಭೇಟಿಯಲ್ಲೂ 18ಕ್ಕಿಂತ ಕಡಿಮೆ ಇದ್ದವರ ಸರಾಸರಿ ಒತ್ತಡ 12ರ ಆಸುಪಾಸಿನಲ್ಲಿತ್ತು, ಅವರ ದೃಷ್ಟಿಕ್ಷೇತ್ರ (ನೇರ ನೋಡುವಾಗ ಸುತ್ತಲೂ ಕಾಣುವ ವ್ಯಾಪ್ತಿ) ಒಟ್ಟಾರೆಯಾಗಿ ಹದಗೆಡದೆ ನಿಂತಿತ್ತು. ಅದು ಗುಂಪಿನ ಲೆಕ್ಕ. ನಿಮ್ಮ ನರ ಎಷ್ಟು ಸವೆದಿದೆ ಎಂಬುದರ ಮೇಲೆ ನಿಮ್ಮ ಗುರಿ ನಿಲ್ಲುತ್ತದೆ, ಪಕ್ಕದ ಮನೆಯವರ ಅಂಕಿಯ ಮೇಲಲ್ಲ.

ಕಿಂಡಿಯ ಬದಲು ದ್ರವ ಹೊರಹರಿಸುವ ಪುಟ್ಟ ಟ್ಯೂಬ್ ಹಾಕಿಸಿಕೊಂಡವರ ಕತೆ ಸ್ವಲ್ಪ ಬೇರೆ. ಮದುರೈನಲ್ಲಿ ತಯಾರಾಗುವ ಕಡಿಮೆ ಬೆಲೆಯ ‘ಆಡಿ’ (AADI) ಎಂಬ ಸಾಧನದಂಥ ಕವಾಟವಿಲ್ಲದ ಟ್ಯೂಬನ್ನು ಕರಗುವ ದಾರದಿಂದ ಬಿಗಿದಿರುತ್ತಾರೆ. ಐದಾರು ವಾರಗಳಲ್ಲಿ ದಾರ ಕರಗಿದಾಗ ಒತ್ತಡ ದಿಢೀರನೆ ಇಳಿಯುತ್ತದೆ, ದೃಷ್ಟಿಯೂ ಕೆಲ ದಿನ ಮಸುಕಾಗಬಹುದು.

ತಿಂಗಳುಗಳ ನಂತರ ನಿಧಾನವಾಗಿ ಕವಿಯುವ ಮಂಜಿಗೆ ಸಾಮಾನ್ಯ ಕಾರಣ ಪೊರೆ. ಈ ಆಪರೇಷನ್ ಪೊರೆಯ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ. ಅದನ್ನು ತೆಗೆಯಬಹುದು, ಆದರೆ ಬ್ಲೆಬ್ ಕೆಡದಂತೆ ಯಾವಾಗ ತೆಗೆಯಬೇಕೆಂಬುದು ವೈದ್ಯರ ಲೆಕ್ಕಾಚಾರ. ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ: ನಡುವಿನ ಒಂದು ಚೂರು ದೃಷ್ಟಿ ಮಾತ್ರ ಉಳಿದ ಕಣ್ಣುಗಳಲ್ಲಿ, ಅಪರೂಪಕ್ಕೆ, ಒತ್ತಡ ಹದಕ್ಕೆ ಬಂದರೂ ಆ ಚೂರೂ ಹೋಗಿಬಿಡುವುದುಂಟು.

ಕಾಯಬಾರದ ಸಂದರ್ಭಗಳೂ ಇವೆ. ಆಪರೇಷನ್ ಆದ ಕಣ್ಣು ಕೆಂಪಾಗಿ ನೋವು ಬಂದರೆ, ಪಿಸುರು ಕಟ್ಟಿದರೆ, ಬೆಳಕು ಚುಚ್ಚಿದರೆ, ದೃಷ್ಟಿ ಒಮ್ಮೆಲೇ ಕುಸಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬ್ಲೆಬ್‌ನ ಮೂಲಕ ಸೋಂಕು ಒಳಗಿಳಿಯುವ ಅಪಾಯ ವರ್ಷಗಳ ನಂತರವೂ ಇರುತ್ತದೆ. ಊರಿನ ಔಷಧಿ ಅಂಗಡಿಯಲ್ಲಿ ಮದ್ರಾಸ್ ಐ ಎಂದು ಹನಿ ಕೊಟ್ಟು ಕಳುಹಿಸುತ್ತಾರೆ, ಎರಡು ದಿನ ಅದರಲ್ಲೇ ಕಳೆದುಹೋಗುತ್ತದೆ. ಯಾವ ವೈದ್ಯರ ಬಳಿ ಹೋದರೂ ಮೊದಲ ವಾಕ್ಯದಲ್ಲೇ ಈ ಕಣ್ಣಿಗೆ ಗ್ಲಾಕೋಮಾ ಆಪರೇಷನ್ ಆಗಿದೆ ಎಂದು ಹೇಳಿ. ಡಿಸ್ಚಾರ್ಜ್ ಚೀಟಿಯ ಫೋಟೋ ನಿಮ್ಮ ಮೊಬೈಲಿನಲ್ಲೂ, ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.