ಹಾಲಿನ ರಿಜಿಸ್ಟರಿನ ಕೊನೇ ಪುಟ

ನಾನು ತಿಪಟೂರು ತಾಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿ ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಲೀಟರು, ಫ್ಯಾಟು ಬರೆಯೋದೇ ಕೆಲಸ. ಹೋದ ಮಳೆಗಾಲದಲ್ಲಿ ಒಂದು ಹಳೇ ರಿಜಿಸ್ಟರಿನ ಕೊನೇ ಪುಟದಲ್ಲಿ ಅಮ್ಮನ ಉಚ್ಚೆಯ ಲೆಕ್ಕ ಬರೆದೆ.

ಶುರುವಾಗಿದ್ದು ಉರಿಮೂತ್ರದಿಂದ. ಅಮ್ಮನಿಗೆ 64, ಸಕ್ಕರೆ ಕಾಯಿಲೆ ಬೇರೆ. "ಉಷ್ಣ ಕಣಪ್ಪಾ" ಅಂತ ಬಾರ್ಲಿ ನೀರು, ಎಳನೀರು ಕುಡಿದರು. ಕಮ್ಮಿ ಆಗಲಿಲ್ಲ. ನಾನು ಮೆಡಿಕಲ್ ಶಾಪಿಗೆ ಹೋಗಿ "ಉರಿಮೂತ್ರಕ್ಕೆ ಏನಾದ್ರೂ ಕೊಡಿ" ಅಂದೆ. ಚೀಟಿ ಇಲ್ಲ, ಟೆಸ್ಟ್ ಇಲ್ಲ, ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ಕಿನ ಆರು ಮಾತ್ರೆ. ಎರಡು ದಿನಕ್ಕೆ ಉರಿ ಇಳಿಯಿತು. ಉಳಿದ ಎರಡನ್ನು ಅಮ್ಮ ದೇವರ ಗೂಡಿನಲ್ಲಿ ಇಟ್ಟರು, ಮುಂದಕ್ಕೆ ಬೇಕಾಗುತ್ತೆ ಅಂತ.

ನಾಲ್ಕನೇ ರಾತ್ರಿ ಚಳಿ ಹಿಡಿಯಿತು. ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಅನ್ನುತ್ತಿತ್ತು. ವಾಂತಿ. ಬೆನ್ನಿನ ಬಲಗಡೆ, ಪಕ್ಕೆಯ ಕೆಳಗೆ ಕೈ ತಾಗಿದರೂ ಕೂಗುತ್ತಿದ್ದರು. ಬೆಳಗಿನ ಜಾವ "ನಿಮ್ಮಪ್ಪ ಕಾಫಿ ಕುಡಿದ್ರಾ?" ಅಂದರು. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಆಗಲೇ ನನಗೆ ಕೈಕಾಲು ಬಿದ್ದು ಹೋಗಿದ್ದು.

ತುಮಕೂರಿನ ಆಸ್ಪತ್ರೆ ಸೇರುವಾಗ ಬಿಪಿ 80ಕ್ಕೆ ಇಳಿದಿತ್ತು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 2.8. ಸ್ಕ್ಯಾನಿನಲ್ಲಿ ಬಲಗಿಡ್ನಿ ಊದಿಕೊಂಡಿತ್ತು, ಕೆಳಗಿನ ನಳಿಕೆಯಲ್ಲಿ 7 ಮಿಲಿಮೀಟರ್ ಕಲ್ಲು ಕೂತಿತ್ತು. "ತೂಬು ಕಟ್ಟಿಕೊಂಡಿದೆ, ಮೇಲೆ ಕೀವು ನಿಂತಿದೆ. ಅದು ಹೊರಗೆ ಹೋಗದೆ ಬರೀ ಇಂಜೆಕ್ಷನ್ನಿಗೆ ಜ್ವರ ಬಿಡಲ್ಲ" ಅಂದರು ಡಾಕ್ಟರಮ್ಮ. ಅವತ್ತೇ ಕಲ್ಲಿನ ಪಕ್ಕದಲ್ಲಿ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ತೂರಿಸಿದರು. ಕಲ್ಲನ್ನೂ ತೆಗೆದುಬಿಡಿ ಅಂದೆ. ಸೋಂಕು ಇರುವಾಗ ಅದಕ್ಕೆ ಕೈ ಹಾಕಿದರೆ ನಂಜು ರಕ್ತಕ್ಕೆ ನುಗ್ಗುತ್ತದಂತೆ.

ಮೊದಲ ಇಂಜೆಕ್ಷನ್ನಿಗೆ ಮುಂಚೆ ರಕ್ತ, ಮೂತ್ರ ಎರಡೂ ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ತೆಗೆದುಕೊಂಡರು. "ಮನೇಲಿ ಏನಾದ್ರೂ ಮಾತ್ರೆ ಕೊಟ್ಟಿದ್ರಾ?" ಅಂತ ಕೇಳಿದರು. ಒಪ್ಪಿಕೊಂಡೆ. ಮಾತ್ರೆ ಮೈಯಲ್ಲಿದ್ದರೆ ಕೆಲವು ಸಲ ಕಲ್ಚರಿನಲ್ಲಿ ಏನೂ ಬೆಳೆಯೋದಿಲ್ಲ, ಆಮೇಲೆ ಅಂದಾಜಿನ ಮೇಲೆ ಔಷಧಿ ಹಾಕಬೇಕು ಅಂದರು. ದಿನಾ ಸ್ಯಾಂಪಲ್ ಬಾಟಲಿ ಹಿಡಿಯುವವನು ನಾನು. ಸ್ಯಾಂಪಲ್ ಕೆಟ್ಟರೆ ಲೆಕ್ಕವೇ ಸುಳ್ಳು ಅಂತ ಊರಿಗೆಲ್ಲ ಹೇಳುತ್ತೇನೆ!

ನಮ್ಮ ಪುಣ್ಯಕ್ಕೆ ಬೆಳೆಯಿತು. ಮೂರನೇ ದಿನ ರಿಪೋರ್ಟು: ಇ. ಕೋಲೈ. ಎಲ್ಲರ ಕರುಳಿನಲ್ಲೂ ಸುಮ್ಮನೆ ಇರುವ ಬ್ಯಾಕ್ಟೀರಿಯಾವಂತೆ. ಕೆಳಗೆ ಔಷಧಿಗಳ ಪಟ್ಟಿ. ಕೆಲಸ ಮಾಡುವುದರ ಮುಂದೆ 'ಎಸ್', ಮಾಡದ್ದರ ಮುಂದೆ 'ಆರ್'. ನಾನು ತಂದ ಸಿಪ್ರೊಫ್ಲಾಕ್ಸಾಸಿನ್‌ಗೆ ಆರ್. ಸೆಫ್ಟ್ರಿಯಾಕ್ಸೋನ್‌ಗೂ ಆರ್. ನೈಟ್ರೋಫ್ಯುರಾಂಟೋಯಿನ್‌ಗೆ ಎಸ್ ಇತ್ತು. ಕಡಿಮೆ ಬೆಲೆ ಮಾತ್ರೆ, ಅದನ್ನೇ ಕೊಡಬಹುದಲ್ವಾ ಅಂದೆ. ಅದು ಮೂತ್ರಚೀಲದ ಸೋಂಕಿಗೆ ಸರಿ, ಕಿಡ್ನಿಯ ಒಳಗೆ ಸಾಕಷ್ಟು ಇಳಿಯಲ್ಲ ಅಂದರು. ಅಮಿಕಾಸಿನ್ ಕೂಡ ಎಸ್, ಆದರೆ ಮೊದಲೇ ಸೋತ ಕಿಡ್ನಿಗೆ ಅದರಿಂದಲೇ ಪೆಟ್ಟು. ಹಾಗಾಗಿ ಮೆರೋಪೆನೆಮ್ ಅನ್ನೋ ಇಂಜೆಕ್ಷನ್. ಮೊದಲು 12 ಗಂಟೆಗೊಂದು, ಕ್ರಿಯಾಟಿನಿನ್ ಇಳಿದ ಮೇಲೆ 8 ಗಂಟೆಗೊಂದು. ಅದರ ಡಬ್ಬಿ ಮೇಲೆ ಕೆಂಪು ಚೌಕ ಇರುತ್ತದೆ. 2014ರಿಂದ ಇಂಥ ಔಷಧಿ ಮಾರಿದ ಅಂಗಡಿಯವರು ರೋಗಿ, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು.

ನನ್ನ ರಿಜಿಸ್ಟರು ಬೇರೆ. ಯೂರಿನ್ ಬ್ಯಾಗನ್ನು ಜಗ್ಗಿಗೆ ಬಗ್ಗಿಸಿ, ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ಅಳೆಯೋದು. ಮೊದಲ ರಾತ್ರಿಯ ಸಾಲು ಇನ್ನೂ ಇದೆ: 12 ಗಂಟೆ 40 ಮಿಲಿ, 2 ಗಂಟೆ 30, 4 ಗಂಟೆ 90. ಬಣ್ಣ ಒಡೆದ ಹಾಲಿಗೆ ಟೀ ಡಿಕಾಕ್ಷನ್ ಬಿದ್ದ ಹಾಗೆ. ನಾಲ್ಕನೇ ದಿನ ಇಡೀ ದಿನದ್ದು 1,900. ಅವತ್ತು ಪಕ್ಕದ ಬೆಡ್ಡಿನವರಿಗೂ ಕಾಫಿ ಕೊಡಿಸಿದೆ. ಐದನೇ ದಿನ ಜ್ವರ ಬಿಟ್ಟಿತು. ಅಮ್ಮ ಅಪ್ಪನನ್ನು ಕೇಳಲಿಲ್ಲ, ಹಸು ಕರೆದವರು ಯಾರು ಅಂತ ಕೇಳಿದರು.

ಒಟ್ಟು 14 ದಿನದ ಔಷಧಿ. ಕೊನೆಯ ಐದು ದಿನ ದಿನಕ್ಕೊಂದೇ ಹಾಕುವ ಎರ್ಟಾಪೆನೆಮ್, ತಿಪಟೂರಿನಲ್ಲೇ. ದುಡ್ಡಿಗೆ ಗೌರಿಯನ್ನು ಮಾರಿದ್ದೆ, ದಿನಕ್ಕೆ 16 ಲೀಟರ್ ಕೊಡುತ್ತಿದ್ದ ಹಸು. ಮನೆಗೆ ಬಂದ ಅಮ್ಮ ಖಾಲಿ ಗೊಂತು ನೋಡಿ ಏನೂ ಕೇಳಲಿಲ್ಲ.

ಸ್ಟೆಂಟ್ ಇದ್ದ ಆರು ವಾರ ಗಂಟೆಗೊಂದು ಸಲ ಓಡುತ್ತಿದ್ದರು, ಆಗಾಗ ರಕ್ತದ ಬಣ್ಣ. ಅದು ಮಾಮೂಲಿ, ಜ್ವರ ಬಂದರೆ ಮಾತ್ರ ಓಡಿ ಬನ್ನಿ ಅಂದಿದ್ದರು. ಆಮೇಲೆ ಲೇಸರಿನಲ್ಲಿ ಕಲ್ಲು ಒಡೆದು, ಸ್ಟೆಂಟೂ ತೆಗೆದರು. ಚೂರುಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ಕೊಟ್ಟರು. ಸಾಸಿವೆಯಷ್ಟು, ಕಂದು ಬಣ್ಣ. ಅಮ್ಮ ಕನ್ನಡಕ ಹಾಕಿಕೊಂಡು, ಡಬ್ಬಿ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದರು.

"ಇಷ್ಟಕ್ಕಾ ನಮ್ ಗೌರಿನ ಮಾರಿದ್ದು?"